ವಿಮಾನದ ಮುಸುಕು

"ಒಂದು ಮುರಿದ ಸೂಜಿಗೋಸ್ಕರ ನಮ್ಮಮ್ಮ ಬಾತ್‌ರೂಮಲ್ಲಿ ಬಿದ್ಕೊಂಡಿರಬೇಕಾಗಿತ್ತಾ? ಬಾಯಿ ಬಿಟ್ಟು ಹೇಳು."

"ಎಷ್ಟು ಸಲ ಹೇಳ್ಲಿ ರೀ. ಸೂಜಿ ತುದಿ ಸಿಗೋ ತನಕ ಶೆಡ್ಡಿಂದ ಯಾರನ್ನೂ ಆಚೆ ಬಿಡಲ್ಲ. ನಾನೊಬ್ಬಳೇ ಅಲ್ಲ, ಎಲ್ಲರೂ ನೆಲದ ಮೇಲೆ ಮಂಡಿಯೂರಿ ಹುಡುಕ್ತಾ ಇದ್ವಿ."

"ಸಿಕ್ತಾ?"

"ಸಿಕ್ತು. ಫೋಮ್ ಒಳಗೆ ಸೇರ್ಕೊಂಡಿತ್ತು."

"ಬಹಳ ಸಂತೋಷ. ನಿನ್ನ ಸೂಜಿ ಸಿಕ್ತು, ನಮ್ಮಮ್ಮನ ಮಂಡಿ ಹೋಯ್ತು."

ಗಂಡ ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ತಟ್ಟೆಗೆ ಎಸೆದ. ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ ಅವನದು. ಎಷ್ಟು ಸೋಪು ಹಾಕಿ ತಿಕ್ಕಿದರೂ ಕೈಗೆ ಅಂಟಿದ ವಾರ್ನಿಷ್ ವಾಸನೆ ಹೋಗುತ್ತಿರಲಿಲ್ಲ. ಸಿಟ್ಟೂ ಅಷ್ಟೇ, ಅಂಗಡಿಯ ಬಾಗಿಲು ಹಾಕಿದರೂ ಅವನ ಹಿಂದೆಯೇ ಮನೆಗೆ ಬರುತ್ತಿತ್ತು. ಹೆಂಡತಿ ಅವನ ಕಡೆ ಬೆನ್ನು ಮಾಡಿ ಆಲೂಗಡ್ಡೆ ಹೆಚ್ಚುತ್ತಿದ್ದಳು. ಕೆಲಸದಿಂದ ಬಂದ ಬಟ್ಟೆಯಲ್ಲೇ ಇದ್ದಳು, ಕಾಲು ತೊಳೆಯುವುದಕ್ಕೂ ಪುರುಸೊತ್ತು ಸಿಕ್ಕಿರಲಿಲ್ಲ. ಮುಂದಿನ ಕೋಣೆಯ ಮಂಚದ ಮೇಲೆ ಅತ್ತೆ ಊದಿದ ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು, ತನ್ನ ವಿಷಯದ ಜಗಳವನ್ನು ತಾನೇ ಕೇಳುತ್ತಾ ಕೂತಿದ್ದಳು.

"ತಾತ ಮನೇಲೇ ಇದ್ರಲ್ಲ ಅಪ್ಪ," ಎಂದಳು ಮಗಳು ಪುಸ್ತಕದಿಂದ ತಲೆ ಎತ್ತದೆ. ಕಾಲೇಜಿಗೆ ಹೋಗುವ ಹುಡುಗಿ, ನಾಲಗೆ ಅಮ್ಮನ ಸೂಜಿಗಿಂತ ಚೂಪು.

"ನೀನು ಓದ್ಕೋ."

"ಓದ್ತಾನೇ ಇದೀನಿ. ಅಜ್ಜಿ ಬಿದ್ದಾಗ ತಾತ ಎಲ್ಲಿದ್ರು ಅಂತ ಕೇಳ್ದೆ, ಅಷ್ಟೆ."

ಅಜ್ಜಿ ಬಿದ್ದ ಹೊತ್ತಿಗೆ ತಾತ ತಾರಸಿಯ ಮೇಲಿದ್ದ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಅವನು ಬಸ್ಸನ್ನು ಓಡಿಸುತ್ತಿರಲಿಲ್ಲ, ಹಾರಿಸುತ್ತಿದ್ದ ಎಂದು ಬೀದಿಯವರು ಪೈಲಟ್ ಎಂದು ಹೆಸರಿಟ್ಟಿದ್ದರು. ಹೀಯಾಳಿಸಲು ಇಟ್ಟ ಹೆಸರನ್ನು ಅವನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದ. ಊರಾಚೆ ವಾಯುಪಡೆಯ ನೆಲೆ ಇತ್ತು. ಮೇಲೆ ಸದ್ದಾದರೆ ಸಾಕು, ಉಣ್ಣುವ ತಟ್ಟೆ ಬಿಟ್ಟು ತಾರಸಿಗೆ ಓಡುತ್ತಿದ್ದ. ಅವತ್ತೂ ಓಡಿದ್ದ.

"ಆ ಸದ್ದಲ್ಲಿ ಯಾರು ಕೂಗಿದ್ರೂ ಕೇಳ್ಸತ್ತೇನೆ?" ಎಂದ ಮೊಮ್ಮಗಳಿಗೆ. "ಒಂದರ ಹಿಂದೆ ಒಂದು ಹೋಗ್ತಾ ಇತ್ತು. ನನ್ನ ತಪ್ಪಾ ಅದು?"

ಯಾರೂ ಹೌದು ಎನ್ನಲಿಲ್ಲ. ಮನೆಯಲ್ಲಿದ್ದು ಕೇಳಿಸಿಕೊಳ್ಳದವನದು ತಪ್ಪಲ್ಲ, ಮನೆಯಲ್ಲಿಲ್ಲದವಳದು ತಪ್ಪು. ಬಹಳ ಮನೆಗಳ ಕಾನೂನು ಇದೇ. ಒಬ್ಬರ ಕಾಲು ಉಳುಕಿದರೆ ಇನ್ನೊಬ್ಬರ ಕಾಲಿಗೆ ಹಗ್ಗ ಬೀಳುತ್ತದೆ.

"ತಿಂಗಳ ಕೊನೆಗೆ ಬಿಟ್ಬಿಡು," ಎಂದ ಗಂಡ.

"ಯಾವುದನ್ನ?"

"ಅದನ್ನೇ. ಆ ಟಾರ್ಪಾಲ್ ಹೊಲಿಯೋ ಕೆಲಸಾನ."

"ಅದು ಟಾರ್ಪಾಲ್ ಅಲ್ಲ."

"ಮತ್ತೇನು, ರೇಷ್ಮೆನಾ?" ಎಂದ ಪೈಲಟ್. ತನ್ನ ಮಾತಿಗೆ ತಾನೇ ನಕ್ಕ.

"ನನಗೆ ಕಾವಲು ಯಾಕಪ್ಪ," ಎಂದಳು ಅತ್ತೆ ಮಂಚದ ಮೇಲಿಂದ. "ಬಾತ್‌ರೂಮ್ ಗೋಡೆಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿಕೊಡು, ಸಾಕು."

"ಭಾನುವಾರ ಹಾಕ್ತೀನಮ್ಮ."

"ಹೋದ ಭಾನುವಾರವೂ ಅದನ್ನೇ ಅಂದೆ."

"ಅಮ್ಮ, ನೀನೂ ಶುರು ಮಾಡ್ಬೇಡ."

ಆಲೂಗಡ್ಡೆ ಬೆಂದಿತು. ಎಲ್ಲರೂ ಉಂಡರು. ಜಗಳವಾಡಿದವರು ಊಟ ಬಿಡುತ್ತಾರೆ ಎಂಬುದೆಲ್ಲ ಸುಳ್ಳು. ಆ ಮನೆಯಲ್ಲಿ ಜಗಳವಾದ ದಿನವೇ ಎರಡು ಚೂರು ಬ್ರೆಡ್ಡು ಹೆಚ್ಚು ಖರ್ಚಾಗುತ್ತಿತ್ತು.

*

ಸೊಸೆ ಹೊಲಿಯುತ್ತಿದ್ದದ್ದು ಯುದ್ಧವಿಮಾನದ ಮುಸುಕು. ವಿಮಾನ ನಿಂತಿರುವಾಗ ಇಂಜಿನ್ನಿನ ಬಾಯೊಳಗೆ ಧೂಳು, ಹಕ್ಕಿ, ಕಸ ಹೋಗದ ಹಾಗೆ ಮುಚ್ಚುವ ಹೊದಿಕೆ. ಹೊರಗೆ ದಪ್ಪ ಕೆಂಪು ಕ್ಯಾನ್ವಾಸು, ಒಳಗೆ ಫೋಮು, ಅಂಚಿಗೆ ಎರಡು ಸಾಲು ಹೊಲಿಗೆ, ಕಟ್ಟುವುದಕ್ಕೆ ಹಿತ್ತಾಳೆ ರಿಂಗು. ಕೆಳಗೆ ಉದ್ದನೆಯ ಕೆಂಪು ಪಟ್ಟಿಯೊಂದು ಜೋತುಬೀಳಬೇಕು, ಹಾರುವ ಮುಂಚೆ ಇದನ್ನು ತೆಗೆಯಲು ಯಾರೂ ಮರೆಯಬಾರದು ಎಂದು. ಒಂದು ದಾರದ ಎಳೆ ಬಿಚ್ಚಿ ಇಂಜಿನ್ನಿನೊಳಗೆ ಹೋಗುವ ಹಾಗಿಲ್ಲ, ಒಂದು ಲೋಹದ ಚೂರು ಉಳಿಯುವ ಹಾಗಿಲ್ಲ. ಅದಕ್ಕೇ ಸೂಜಿ ಮುರಿದರೆ ಶೆಡ್ಡಿನ ಬಾಗಿಲು ಹಾಕುತ್ತಿದ್ದರು. ಮುರಿದ ತುಂಡುಗಳನ್ನೆಲ್ಲ ತಂದು ಸೂಪರ್‌ವೈಸರ್ ಮೇಜಿನ ಮೇಲೆ ಜೋಡಿಸಿ, ಪೂರ್ತಿ ಸೂಜಿ ಆಯಿತು ಎಂದು ಅವನು ತಲೆ ಆಡಿಸಿದ ಮೇಲೆಯೇ ಬಾಗಿಲು ತೆಗೆಯುವುದು.

ಅವಳಿಗೆ ಈ ಕೆಲಸದ ಮೇಲೆ ಜೀವ. ಮನೆಯಲ್ಲಿ ಅವಳು ಮಾಡಿದ ಕೆಲಸ ಮಾಡಿದ ಹಾಗೇ ಅಳಿಸಿಹೋಗುತ್ತಿತ್ತು. ತೊಳೆದ ತಟ್ಟೆ ಮತ್ತೆ ಎಂಜಲು, ಗುಡಿಸಿದ ನೆಲ ಮತ್ತೆ ಧೂಳು. ಶೆಡ್ಡಿನಲ್ಲಿ ಹೊಲಿದದ್ದು ಹೊಲಿದ ಹಾಗೇ ಇರುತ್ತಿತ್ತು. ಅದನ್ನು ಬಿಡು ಎಂದರೆ ಅವಳು ಬಿಡುವವಳಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದು ಇಬ್ಬರು ಗಂಡಸರ ಗೊಣಗಾಟ ಕೇಳಿಕೊಂಡು ಹೊರಡುವುದೂ ಆಗುತ್ತಿರಲಿಲ್ಲ.

ಒಂದು ದಿನ ಪೈಲಟ್ ಪೇಪರು ಹಿಡಿದುಕೊಂಡು ಅಡುಗೆಮನೆಗೇ ಬಂದ. ಅವನು ಅಡುಗೆಮನೆಗೆ ಬರುವುದೆಂದರೆ ಅದು ದೊಡ್ಡ ಸುದ್ದಿಯೇ ಇರಬೇಕು.

"ನೆಲೆಯ ಗೇಟು ತೆಗೀತಾರಂತೆ. ಒಂದು ದಿನ. ಸಾರ್ವಜನಿಕರಿಗೆ. ವಿಮಾನದ ಹತ್ತಿರಾನೇ ಹೋಗಿ ನೋಡಬಹುದು. ಎಲ್ಲಾರೂ ಹೋಗೋಣ."

"ಒಳ್ಳೇದಾಯ್ತು ಮಾವ," ಎಂದಳು ಸೊಸೆ ಕೈ ಒರೆಸಿಕೊಳ್ಳುತ್ತಾ. "ನಾನು ಏನು ಹೊಲಿತೀನಿ ಅಂತ ಅಲ್ಲೇ ನೋಡಿಬಿಡಿ."

"ಏನು ನೋಡೋದು?"

"ವಿಮಾನದ ಬಾಯಿಗೆ ಕೆಂಪಗೆ ಮುಚ್ಚಿರ್ತಾರಲ್ಲ, ಅದು ನಮ್ಮ ಶೆಡ್ಡಿಂದು. ಅಂಚಲ್ಲಿ ಎರಡು ಸಾಲು ಹೊಲಿಗೆ ಇದ್ರೆ ನಂದೇ ಅಂತ ತಿಳ್ಕೊಳ್ಳಿ."

"ಇಂಜಿನ್ನಿಗೆ ಬಟ್ಟೆ ಹಾಕ್ತಾರಾ? ಸುಟ್ಟು ಬೂದಿ ಆಗಲ್ವಾ? ನಾನೂ ಇಂಜಿನ್ನು ನೋಡಿದೀನಮ್ಮ."

"ಬಸ್ಸಿಂದು ನೋಡಿದೀರಿ."

ಪೈಲಟ್‌ಗೆ ಚುಚ್ಚಿತು. ಮಗಳು ಪುಸ್ತಕದ ಹಿಂದೆ ಕಿಸಕ್ಕೆಂದಳು. ಮುದುಕನಿಗೆ ಅದು ಇನ್ನೂ ಚುಚ್ಚಿತು.

"ಆಯ್ತು. ಕೇಳಿಸ್ಕೊಳ್ರಪ್ಪ ಎಲ್ಲಾರೂ. ಅವತ್ತು ನೀನು ಹೊಲಿದಿದ್ದು ವಿಮಾನದ ಮೇಲೆ ಕಂಡ್ರೆ ಕೆಲಸದ ಸುದ್ದಿ ನಾನು ಎತ್ತಲ್ಲ. ಮಧ್ಯಾಹ್ನದ ಅಡುಗೆ ನಾನೇ ಮಾಡ್ತೀನಿ, ನಿಮ್ಮತ್ತೇನೂ ನಾನೇ ನೋಡ್ಕೋತೀನಿ. ಕಾಣಲಿಲ್ಲ ಅಂದ್ರೆ?"

"ಕಾಣಲಿಲ್ಲ ಅಂದ್ರೆ ಬಿಡ್ತೀನಿ."

ಮಾತು ಬಾಯಿ ಬಿಟ್ಟ ಮೇಲೆ ಅದು ಸಣ್ಣ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ಆದರೂ ಹೆದರಲಿಲ್ಲ. ತನ್ನ ಕೈಯಾರೆ ಮಡಿಸಿ, ಟ್ರಕ್ಕಿಗೆ ತುಂಬಿ ಕಳಿಸಿದ ವಸ್ತು ಅಲ್ಲಿ ಇರದೆ ಎಲ್ಲಿಗೆ ಹೋಗುತ್ತದೆ?

*

ಮರುದಿನ ಶೆಡ್ಡಿನಲ್ಲಿ ಪಕ್ಕದ ಮಿಷನ್ನಿನ ಕನ್ನಡಕದಕ್ಕನಿಗೆ ಎಲ್ಲವನ್ನೂ ಹೇಳಿದಳು.

"ಹೋಗಿ ನೋಡ್ಕೊಂಡು ಬಾರೆ," ಎಂದಳು ಕನ್ನಡಕದಕ್ಕ. "ನನ್ನ ಕಣ್ಣು ಹೋಯ್ತು ಹೊಲಿದು ಹೊಲಿದು. ಅದನ್ನ ಹಾಕ್ಕೊಂಡಿರೋ ವಿಮಾನದ ಮುಖ ಒಂದು ದಿನಾನೂ ನೋಡಿಲ್ಲ. ಮದುಮಗನ ಮುಖ ನೋಡದೇ ತಾಳಿ ಕಟ್ಟಿಸ್ಕೊಂಡ ಹಾಗಾಯ್ತು ನಮ್ಮ ಬಾಳು."

"ನೀವು ನೋಡಿದೀರಾ ಸರ್?" ಎಂದು ಸೂಪರ್‌ವೈಸರನ್ನು ಕೇಳಿದರು.

"ಟ್ರಕ್ಕು ಬರತ್ತೆ, ತಗೊಂಡು ಹೋಗತ್ತೆ. ನನಗೆ ಗೊತ್ತಿರೋದು ಟ್ರಕ್ಕಿನ ಮುಖ," ಎಂದ ಅವನು.

ಶೆಡ್ಡಿನಲ್ಲಿದ್ದ ಒಬ್ಬರಾದರೂ ನೆಲೆಯ ಒಳಗೆ ಕಾಲಿಟ್ಟಿದ್ದರೆ ಅವಳಿಗೆ ಒಂದು ಮಾತು ಹೇಳುತ್ತಿದ್ದರು. ಇಟ್ಟಿರಲಿಲ್ಲ.

ಮನೆಯಲ್ಲಿ ಹೊರಡುವ ತಯಾರಿಯೇ ಹೊಸ ಜಗಳವಾಯಿತು. ಅಂಗಡಿ ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂದು ಗಂಡ. ಹೊರಗಿನ ತಿಂಡಿ ಹೊಟ್ಟೆಗೆ ಆಗುವುದಿಲ್ಲ, ಎಲ್ಲವನ್ನೂ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು ಎಂದು ಪೈಲಟ್. ಅತ್ತೆಗೆ ಬರುವ ಮನಸ್ಸೇ ಇರಲಿಲ್ಲ.

"ಈ ಕಾಲಲ್ಲಿ ಎಲ್ಲಿಗೆ ಬರ್ಲಿ? ಮನೇಲಿರ್ತೀನಿ."

"ಒಬ್ಬಳನ್ನೇ ಬಿಟ್ಟು ಹೋಗೋಕಾಗತ್ತಾ?" ಎಂದು ಎಲ್ಲರೂ ಒಟ್ಟಿಗೆ ಮೈಮೇಲೆ ಬಿದ್ದರು. ಆ ಮನೆಯಲ್ಲಿ ಎಲ್ಲರೂ ಒಂದೇ ಮಾತು ಆಡಿದ್ದು ಅದೊಂದೇ ಸಲ.

ಸೊಸೆ ಎಲ್ಲರಿಗಿಂತ ಮುಂಚೆ ಎದ್ದು ಮೊಟ್ಟೆ ಬೇಯಿಸಿದಳು, ಬ್ರೆಡ್ಡು ಕುಯ್ದಳು, ಈರುಳ್ಳಿ ಹೆಚ್ಚಿ ಡಬ್ಬಿಗೆ ಹಾಕಿದಳು, ಫ್ಲಾಸ್ಕಿಗೆ ಟೀ ತುಂಬಿದಳು. ಎರಡು ಚೀಲ ಆಯಿತು. ಎರಡನ್ನೂ ಅವಳೇ ಹೊತ್ತಳು. ಅವತ್ತು ಮಾತ್ರ ಭಾರ ಎನ್ನಿಸಲಿಲ್ಲ. ಬಸ್ಸಿನಲ್ಲಿ ಮಗಳ ಕಿವಿಗೆ ಬಾಯಿಟ್ಟು, "ಮೂತಿ ಮೇಲೊಂದು ಇರತ್ತೆ, ಎರಡು ಪಕ್ಕಕ್ಕೆ ಎರಡು ದೊಡ್ಡದು. ಪಕ್ಕದ್ದೇ ನಂದು," ಎಂದಳು.

*

ಗೇಟಿನ ಮುಂದಿನ ಸಾಲು ರಸ್ತೆಯ ತಿರುವು ದಾಟಿ ನಿಂತಿತ್ತು. ಬಿಸಿಲು ನೆತ್ತಿಗೆ ಹತ್ತುವ ಹೊತ್ತಿಗೆ ಇವರ ಸರದಿ ಬಂತು. ಕಾವಲಿನವನು ಚೀಲ ಮುಟ್ಟಿ ನೋಡಿ ಕೈ ಅಡ್ಡ ಹಿಡಿದ.

"ಡಬ್ಬಿ, ಫ್ಲಾಸ್ಕು ಒಳಗೆ ಬಿಡಲ್ಲ."

"ಮೊಟ್ಟೆ ಕಣಪ್ಪ, ಬಾಂಬಲ್ಲ," ಎಂದ ಪೈಲಟ್.

"ಯಾವುದೂ ಬಿಡಲ್ಲ. ಹಿಂದೆ ಜನ ಇದಾರೆ, ಬೇಗ ಹೇಳಿ."

"ಹೊರಗಡೆ ಕೊಂಡ್ಕೊಳ್ಳೋಣ ಅಂದ್ರೆ ಕೇಳಲಿಲ್ಲ ನೀವು," ಎಂದ ಗಂಡ ಅಪ್ಪನಿಗೆ.

"ಹೊರಗಿನದು ತಿಂದು ರಾತ್ರಿಯೆಲ್ಲ ಒದ್ದಾಡೋನು ನೀನಲ್ಲ, ನಾನು."

ಕೊನೆಗೆ ಅತ್ತೆಯೇ ದಾರಿ ತೋರಿಸಿದಳು. "ಆ ಮರದ ಕೆಳಗೆ ನಾನು ಚೀಲ ಇಟ್ಕೊಂಡು ಕೂತಿರ್ತೀನಿ. ನಡೆಯೋದು ತಪ್ಪತ್ತೆ. ಹೋಗ್ಬನ್ನಿ."

ಮನೆಯಲ್ಲಿ ಒಬ್ಬಳನ್ನೇ ಬಿಡಬಾರದೆಂದು ಕರೆತಂದ ಮುದುಕಿಯನ್ನು ರಸ್ತೆಬದಿಯಲ್ಲಿ ಒಬ್ಬಳನ್ನೇ ಬಿಟ್ಟು ಹೋಗುವುದಕ್ಕೆ ಇಬ್ಬರು ಗಂಡಸರೂ ತಯಾರಾದರು. ಮಗಳಿಗೆ ನಾಚಿಕೆಯಾಯಿತು. "ನಾನು ಅಜ್ಜಿ ಜೊತೆ ಇರ್ತೀನಿ. ನೀವು ಬಂದ ಮೇಲೆ ಹೋಗ್ತೀನಿ," ಎಂದು ಉಳಿದಳು.

ಒಳಗೆ ಕಣ್ಣು ಹಾಯುವಷ್ಟು ದೂರ ಸಿಮೆಂಟಿನ ನೆಲ. ಅದರ ಮೇಲೆ ವಿಮಾನಗಳು ಸಾಲಾಗಿ ನಿಂತಿದ್ದವು. ಪ್ರತಿಯೊಂದರ ಸುತ್ತ ಹಗ್ಗ, ಹಗ್ಗದ ಸುತ್ತ ಜನ. ಮೈಕಿನಲ್ಲಿ ಯಾರೋ ವೇಗ, ಎತ್ತರ, ತೂಕ ಒದರುತ್ತಿದ್ದರು. ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಎಲ್ಲರ ಕೈಯಲ್ಲೂ ಫೋನು. ಪೈಲಟ್ ನಿಂತಲ್ಲೇ ಕತ್ತೆತ್ತಿ ನೋಡಿದ. ಕಣ್ಣಲ್ಲಿ ನೀರಿತ್ತೋ ಬಿಸಿಲಿತ್ತೋ. ಆಮೇಲೆ ಹೆಜ್ಜೆ ಹಾಕಿದ ನೋಡಿ, ಆ ವಯಸ್ಸಿಗೆ ಅಷ್ಟು ಜೋರಾಗಿ ನಡೆಯಬಲ್ಲವನು ಬಾತ್‌ರೂಮಿನ ಕೂಗಿಗೆ ಕೆಳಗಿಳಿದು ಬರಲಾರದವನಾಗಿದ್ದ.

ಸೊಸೆ ಮೊದಲ ವಿಮಾನದ ಹತ್ತಿರ ಹೋದಳು. ಪಕ್ಕದ ಬಾಯಿ ತೆರೆದುಕೊಂಡಿತ್ತು. ಒಳಗೆ ಕಪ್ಪು ಕತ್ತಲೆ, ಏನೂ ಮುಚ್ಚಿರಲಿಲ್ಲ. ಇದಕ್ಕೆ ಇನ್ನೂ ಬಂದಿಲ್ಲವೇನೋ ಎಂದುಕೊಂಡು ಎರಡನೆಯದಕ್ಕೆ ಹೋದಳು. ಅದೂ ಬಾಯಿ ತೆರೆದುಕೊಂಡೇ ನಿಂತಿತ್ತು. ಆಚೆಯದೂ, ಅದರಾಚೆಯದೂ ಹಾಗೆಯೇ. ಕೆಂಪು ಎನ್ನುವುದು ಮಕ್ಕಳ ಕೈಯ ಬಲೂನಿನಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಜನರನ್ನು ತಳ್ಳಿಕೊಂಡು ಸಾಲಿನ ತುದಿ ಮುಟ್ಟಿ ವಾಪಸು ಬಂದಳು.

"ಎಲ್ಲಿ ಹೋಯ್ತಮ್ಮ ನಿನ್ನ ಲಂಗ?" ಎಂದ ಪೈಲಟ್ ದೂರದಿಂದಲೇ. "ವಿಮಾನ ಎಲ್ಲಾ ಬೆತ್ತಲೆ ನಿಂತಿದಾವಲ್ಲ."

ಸುತ್ತಲಿನವರು ತಿರುಗಿ ನೋಡಿದರು. ಪೈಲಟ್ ನಗುತ್ತಾ, ಏಣಿ ಹತ್ತಿ ಒಳಗೆ ಇಣುಕುವ ಸಾಲಿನ ಕಡೆಗೆ ಹೋಗಿಬಿಟ್ಟ. ಅವಳು ಹಗ್ಗದ ಒಳಗೆ ನಿಂತಿದ್ದ ವಾಯುಪಡೆಯ ಹುಡುಗನನ್ನು ಕೂಗಿದಳು. ಗಂಡ ಪಕ್ಕದಲ್ಲೇ ಇದ್ದ.

"ಸರ್, ಇದರ ಬಾಯಿ ಮುಚ್ಚೋ ಕವರ್ ಇಲ್ವಾ? ಕೆಂಪುದು, ಉದ್ದ ಪಟ್ಟಿ ಇರೋದು?"

"ಇದೆಯಲ್ಲಮ್ಮ. ಬೆಳಿಗ್ಗೇನೇ ತೆಗೆದಿಟ್ಟಿದೀವಿ. ಮುಚ್ಚಿಟ್ರೆ ಜನ ಬಂದು ಏನು ನೋಡ್ತಾರೆ?"

"ತೆಗೆದ್ರಾ?"

"ಪ್ರದರ್ಶನ ಅಲ್ವಾ. ಎಲ್ಲಾರೂ ಹೋದ ಮೇಲೆ ಸಂಜೆ ಮತ್ತೆ ಹಾಕ್ತೀವಿ."

"ಒಂದೇ ಒಂದು ತಂದು ತೋರಿಸ್ತೀರಾ? ನಾನೇ ಹೊಲಿಯೋದು ಅದನ್ನ."

ಹುಡುಗ ಅವಳನ್ನೊಮ್ಮೆ ನೋಡಿದ. ಪಾಪ, ಒಳ್ಳೆಯವನೇ ಇದ್ದ. "ಗೋದಾಮಲ್ಲಿದೆ, ಅಲ್ಲಿಗೆ ಯಾರನ್ನೂ ಬಿಡಲ್ಲ. ಮುಂದೆ ನಡೀರಮ್ಮ, ಹಿಂದೆ ತಳ್ತಾ ಇದಾರೆ."

ಅವಳು ಗಂಡನ ಕಡೆ ತಿರುಗಿದಳು. "ಕೇಳಿಸ್ಕೊಂಡ್ರಲ್ಲ?"

"ಹೂಂ, ಕೇಳಿಸ್ಕೊಂಡೆ. ನಡಿ, ಅಪ್ಪ ಎಲ್ಲಿ ಹೋದ್ರೋ."

ತನಗೆ ಕಾಣದಿದ್ದರೂ ಸಾಕ್ಷಿ ಸಿಕ್ಕಿತು ಎಂದುಕೊಂಡಳು ಅವಳು. ಪಣ ಗೆದ್ದ ಹಾಗೆಯೇ ಲೆಕ್ಕ.

*

ಮರದ ಕೆಳಗೆ ಡಬ್ಬಿ ಬಿಚ್ಚಿದರು. ಮಗಳು, "ಏನಮ್ಮ, ಕಾಣಿಸ್ತಾ?" ಎಂದು ಕೇಳಿ ಮುಗಿಸುವಷ್ಟರಲ್ಲಿ ಪೈಲಟ್ ಬಾಯಿ ಹಾಕಿದ.

"ಒಂದು ಎಳೆ ದಾರ ಕಾಣ್ಲಿಲ್ಲ. ನಾನು ಮೊದಲೇ ಅಂದಿದ್ದೆ. ಇಂಜಿನ್ನಿಗೆ ಬಟ್ಟೆ ಹಾಕ್ತಾರಂತೆ, ಬಟ್ಟೆ."

"ಇವತ್ತು ಪ್ರದರ್ಶನ ಅಂತ ತೆಗೆದಿಟ್ಟಿದಾರೆ ಮಾವ. ಅಲ್ಲಿದ್ದ ಹುಡುಗನೇ ಹೇಳಿದ."

"ಯಾವ ಹುಡುಗ?"

"ಹಗ್ಗದ ಒಳಗಿದ್ದವನು. ಸಂಜೆ ಮತ್ತೆ ಹಾಕ್ತೀವಿ ಅಂದ."

"ನಾನು ಕೇಳಿಸ್ಕೊಂಡಿಲ್ಲಪ್ಪ. ಕುಣಿಯಲಾರದವಳಿಗೆ ನೆಲ ಡೊಂಕು."

"ಇವರನ್ನ ಕೇಳಿ. ಪಕ್ಕದಲ್ಲೇ ನಿಂತಿದ್ರು."

ಎಲ್ಲರೂ ಅವಳ ಗಂಡನ ಮುಖ ನೋಡಿದರು. ಅವನು ಮೊಟ್ಟೆ ಸುಲಿಯುತ್ತಿದ್ದ. ಸಿಪ್ಪೆಯ ಚೂರೊಂದನ್ನು ಉಗುರಿನಲ್ಲಿ ಬಿಡಿಸಿ, ಪಕ್ಕಕ್ಕೆ ಹಾಕಿ, ಇನ್ನೊಂದನ್ನು ಬಿಡಿಸಿದ. ಅಪ್ಪನ ಕಡೆ ಕಣ್ಣೆತ್ತಿದ, ಹೆಂಡತಿಯ ಕಡೆ ಎತ್ತಲಿಲ್ಲ.

"ಮೈಕಿನ ಗಲಾಟೆ ಇತ್ತು," ಎಂದ. "ನನಗೆ ಸರಿಯಾಗಿ ಕೇಳಿಸ್ಲಿಲ್ಲ."

ಸೊಸೆ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು. ಅತ್ತೆ ಮಗನನ್ನು ನೋಡಿ, ಆಮೇಲೆ ನೆಲ ನೋಡಿದಳು. ಹೆತ್ತವಳಿಗೆ ಮಗನ ಸುಳ್ಳಿನ ಗುರುತು ಸಿಗದೇ ಇರುತ್ತದೆಯೇ.

"ನಾನಾದ್ರೂ ಹೋಗಿ ಕೇಳ್ಕೊಂಡು ಬರ್ತೀನಿ," ಎಂದು ಮಗಳು ಎದ್ದಳು.

"ಕೂತ್ಕೋ," ಎಂದ ಅವಳಪ್ಪ. "ಬಸ್ಸು ತಪ್ಪತ್ತೆ."

ಹುಡುಗಿ ಒಳಗೆ ಹೋಗಲೇ ಇಲ್ಲ.

*

ಸೋಮವಾರ ಬೆಳಿಗ್ಗೆ ಸೊಸೆ ಎಂದಿನಂತೆ ಅಡುಗೆ ಮಾಡಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗೆ?" ಎಂದ ಪೈಲಟ್.

"ಶೆಡ್ಡಿಗೆ."

"ಮಾತು ಅಂದ್ರೆ ಮಾತಾಗಿರಬೇಕು. ಸೋತವರು ಬಿಡಬೇಕು."

"ನಾನು ಸೋತಿಲ್ಲ ಮಾವ. ಸೋತೋರು ಯಾರು ಅಂತ ನಿಮ್ಮ ಮಗನಿಗೆ ಗೊತ್ತು."

ಆಮೇಲಿನ ವಾರಗಳಲ್ಲಿ ಆ ಮನೆಯಲ್ಲಿ ಅಡುಗೆಯ ರುಚಿ ಕೆಡಲಿಲ್ಲ, ಮಾತಿನ ರುಚಿ ಕೆಟ್ಟಿತು. ಗಂಡನಿಗೆ ಅವಳು ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಮಗಳ ಮೂಲಕ. "ನಿಮ್ಮಪ್ಪನಿಗೆ ಗ್ಯಾಸ್ ಮುಗೀತು ಅಂತ ಹೇಳು." ಅಪ್ಪ ಎದುರಿಗೇ ಕೂತಿರುತ್ತಿದ್ದ. "ನಿಮ್ಮಮ್ಮನಿಗೆ ನಾಳೆ ತರ್ತೀನಿ ಅಂತ ಹೇಳು." ಹುಡುಗಿ ಒಂದು ದಿನ ತಟ್ಟೆ ಕುಕ್ಕಿ, "ನಾನೇನು ಪೋಸ್ಟ್ ಆಫೀಸಾ?" ಎಂದು ಎದ್ದುಹೋದಳು.

ಪೈಲಟ್ ಬೀದಿಯಲ್ಲಿ ಕತೆಗೆ ರೆಕ್ಕೆಪುಕ್ಕ ಕಟ್ಟಿದ. ಸೊಸೆ ವಿಮಾನಕ್ಕೆ ಬಟ್ಟೆ ತೊಡಿಸುತ್ತಾಳಂತೆ, ಒಳಚಡ್ಡಿಯನ್ನೂ ಹೊಲಿಯುತ್ತಾಳೋ ಕೇಳಬೇಕು ಎಂದು ಕ್ಷೌರದಂಗಡಿಯಲ್ಲಿ ಹೇಳಿ ನಗಿಸಿದ. ಅವಳು ಕೆಲಸದಿಂದ ಬರುವಾಗ ಕ್ಷೌರಿಕ ಕತ್ತರಿ ಆಡಿಸುತ್ತಾ, "ಏನಮ್ಮ, ವಿಮಾನಕ್ಕೆ ಚಳಿಯಂತಾ?" ಎಂದು ಕೇಳಿದ. ಅವಳು ನೆಟ್ಟಗೆ ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಗಾದೆ. ಇಲ್ಲಿ ಅತ್ತೆಯ ಮೇಲೆ ಕೋಪವೇ ಇರಲಿಲ್ಲ, ಆದರೂ ಪಾತ್ರೆ ನೆಗ್ಗಿದವು.

ಒಂದು ಭಾನುವಾರ ಮಗಳು ಅಪ್ಪನ ಅಂಗಡಿಗೆ ಊಟ ತೆಗೆದುಕೊಂಡು ಹೋದಳು. ಭಾನುವಾರವೂ ಅವನು ಅಂಗಡಿಯಲ್ಲೇ ಇರುತ್ತಿದ್ದ, ಕಂಬಿ ಇನ್ನೂ ಗೋಡೆ ಸೇರಿರಲಿಲ್ಲ.

"ಅಪ್ಪ, ನಿಜ ಹೇಳಿ. ಅವತ್ತು ಕೇಳಿಸ್ತೋ ಇಲ್ವೋ?"

ಅವನು ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ನಿಮ್ಮ ತಾತ ಹುಟ್ಟಿದಾಗಿಂದ ಆ ಗೇಟಿನ ಆಚೆ ನಿಂತವರು. ಒಂದು ದಿನ ಒಳಗೆ ಹೋಗಿದ್ರು. ಎಲ್ಲಾರ ಮುಂದೆ ನೀವು ದಡ್ಡರು ಅನ್ಬೇಕಿತ್ತಾ ನಾನು? ಅವರ ಖುಷಿ ಹಾಳು ಮಾಡ್ಬೇಕಿತ್ತಾ?"

"ಅಂದ್ರೆ ಕೇಳಿಸ್ತು."

"ಒಂದು ಮಾತು ಬಿಟ್ಟಿದ್ದಕ್ಕೆ ಆಕಾಶ ಏನೂ ಬಿದ್ದುಹೋಗಲ್ಲ."

"ಅಮ್ಮನ ಖುಷಿ ಹಾಳಾದ್ರೆ ಪರವಾಗಿಲ್ವಾ?"

"ನಿನಗೆ ಗೊತ್ತಾ, ದಿನಾ ನಾನು ಇಲ್ಲಿ ಕೂತ್ಕೊಂಡು ಅಮ್ಮ ಬಿದ್ಲೇನೋ, ಅಮ್ಮ ಬಿದ್ಲೇನೋ ಅಂತ ಫೋನ್ ನೋಡ್ತಿರ್ತೀನಿ. ಆ ಭಯ ನಿಮ್ಯಾರಿಗೂ ಇಲ್ಲ." ಅವನ ದನಿ ಏರಿತು. ಅದು ಸುಳ್ಳಾಗಿರಲಿಲ್ಲ. "ಡಬ್ಬಿ ಇಟ್ಟು ಹೋಗು."

ಹುಡುಗಿ ಡಬ್ಬಿ ಇಟ್ಟು ಬಂದಳು. ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಬಟ್ಟೆ ಒಣಹಾಕುತ್ತಾ, "ನನಗೆ ಗೊತ್ತಿಲ್ವೇನೆ," ಎಂದಳು, ಅಷ್ಟೆ.

*

ತಿಂಗಳ ಕೊನೆ ಕಳೆದ ಮೊದಲ ದಿನ ಅವಳು ಶೆಡ್ಡಿಗೆ ಹೋದಾಗ ಅವಳ ಮಿಷನ್ನಿನ ಮುಂದೆ ಬೇರೆ ಯಾರೋ ಹುಡುಗಿ ಕೂತಿದ್ದಳು. ಕುರ್ಚಿಯ ಎತ್ತರವನ್ನೂ ಬದಲಾಯಿಸಿಕೊಂಡಿದ್ದಳು.

"ಏನಿದು ಸರ್?"

ಸೂಪರ್‌ವೈಸರ್ ಗಾಬರಿಯಾದ. "ನೀವು ಬಿಡ್ತೀನಿ ಅಂದ್ರಿ ಅಂತ ನಿಮ್ಮ ಮನೆಯವರು ಬಂದು ಹೇಳಿದ್ರಲ್ಲ. ಅತ್ತೆಗೆ ಹುಷಾರಿಲ್ಲ, ಬಂದು ಹೇಳೋಕೆ ಅವಳಿಗೆ ಸಂಕೋಚ, ಅದಕ್ಕೆ ನನ್ನನ್ನ ಕಳಿಸಿದಾಳೆ ಅಂದ್ರು."

"ನಾನು ಕಳಿಸಿದೆ ಅಂತಲೇ ಅಂದ್ರಾ?"

"ಹಾಗೇ ಅಂದ್ರು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು ನಾನು. ಗಂಡ ಬಂದು ಹೇಳಿದ ಮೇಲೆ ಇನ್ನೇನು ಕೇಳೋದು ಅಂತ ಬಿಟ್ಟೆ."

ಕನ್ನಡಕದಕ್ಕ ಮಿಷನ್ ನಿಲ್ಲಿಸಿ ನೋಡುತ್ತಿದ್ದಳು. ಹೊಸ ಹುಡುಗಿ ಏನೂ ಅರ್ಥವಾಗದೆ ಏಳಲೋ ಬೇಡವೋ ಎಂದು ಅರ್ಧ ಎದ್ದಿದ್ದಳು.

"ಕೂತ್ಕೊಳಮ್ಮ, ನಿಂದೇನು ತಪ್ಪು," ಎಂದಳು ಸೊಸೆ. ಸೂಪರ್‌ವೈಸರ್ ಕಡೆ ತಿರುಗಿ, "ಬೇರೆ ಮಿಷನ್ ಇದೆಯಾ?" ಎಂದಳು.

"ಇಲ್ಲಿಲ್ಲ. ನಮ್ಮದೇ ದೂರದ ಊರಿನ ಶೆಡ್ಡಲ್ಲಿ ಕೆಲಸ ಗೊತ್ತಿರೋರು ಬೇಕು ಅಂತಿದಾರೆ. ಆದ್ರೆ ಅದು ದಿನಾ ಹೋಗಿ ಬರೋ ದೂರ ಅಲ್ಲ. ಅಲ್ಲೇ ಇರಬೇಕು, ರೂಮು ಕೊಡ್ತಾರೆ. ಮಕ್ಕಳೊಂದಿಗಳಿಗೆ ಆಗಲ್ಲ ಅಂತ ನಿಮಗೆ ಹೇಳಲಿಲ್ಲ."

"ಟ್ರಕ್ಕು ಯಾವಾಗ?"

"ಇವತ್ತು ಸಂಜೆ ಒಂದು ಹೋಗತ್ತೆ. ಮನೇಲಿ ಕೇಳ್ಕೊಂಡು ಹೇಳಿ."

"ಮನೇಲಿ," ಎಂದು ಅವಳು ಅರ್ಧಕ್ಕೆ ನಿಲ್ಲಿಸಿದಳು. "ಬರ್ತೀನಿ, ನಿಲ್ಲಿಸ್ಕೊಂಡಿರಿ," ಎಂದು ಹೊರಬಿದ್ದಳು.

*

ಅತ್ತೆಯ ಕೈಯಲ್ಲಿ ಗಂಡನಿಗೆ ಫೋನು ಮಾಡಿಸಿ ಕರೆಸಿದಳು. ಅವನು ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸಂಜೆಯ ಊಟಕ್ಕೆಂದು ಕಾಳು ಒಲೆಯ ಮೇಲೆ ಕುದಿಯುತ್ತಿತ್ತು. ಮಗಳು ಈಗತಾನೇ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು.

"ಶೆಡ್ಡಿಗೆ ಹೋಗಿದ್ರಾ?" ಅನೇಕ ವಾರಗಳ ಮೇಲೆ ನೇರವಾಗಿ ಅವನನ್ನೇ ಕೇಳಿದಳು.

"ಹೋಗಿದ್ದೆ. ಏನೀಗ?"

"ನಾನು ಕಳಿಸಿದೆ ಅಂದ್ರಂತೆ."

"ಹಾಗಂದ್ರೆ ನಿನಗೇ ಮರ್ಯಾದೆ ಅಂತ ಅಂದೆ. ಗಂಡ ಬಿಡಿಸಿದ ಅನ್ನೋದಕ್ಕಿಂತ ಅದು ವಾಸಿ."

"ಒಳ್ಳೇದೇ ಮಾಡಿದಾನಲ್ಲಮ್ಮ," ಎಂದ ಪೈಲಟ್. "ಮಾತು ಕೊಟ್ಟೋಳು ನೀನು. ಉಳಿಸಿದೋನು ಅವನು."

"ಮಾವ, ನೀವು ಸುಮ್ನಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನೀವು ಕಾಣದ್ದನ್ನ ಕಾಣಲಿಲ್ಲ ಅಂದ್ರಿ." ಗಂಡನ ಕಡೆಯಿಂದ ಅವಳು ಕಣ್ಣು ತೆಗೆಯಲಿಲ್ಲ. "ಇವರು ಕೇಳಿದ್ದನ್ನ ಕೇಳಲಿಲ್ಲ ಅಂದ್ರು. ನಾನು ಹೇಳದ್ದನ್ನ ಹೇಳಿದಳು ಅಂದ್ರು. ನನ್ನ ಪರ ಒಂದು ಮಾತಾಡಿ ಅಂದಾಗ ಬಾಯಿ ಹೊಲ್ಕೊಂಡ್ರು, ನನ್ನ ಅನ್ನ ಕಳೆಯೋಕೆ ಮಾತ್ರ ನನ್ನ ಬಾಯಿ ಬಾಡಿಗೆಗೆ ತಗೊಂಡ್ರು."

"ಅಮ್ಮನ ಗತಿ ಏನು ಹಾಗಾದ್ರೆ? ಯಾರು ನೋಡ್ಕೋತಾರೆ?"

"ಅತ್ತೆ ಒಂದು ದಿನಾನೂ ನನಗೆ ಕೆಲಸ ಬಿಡು ಅನ್ಲಿಲ್ಲ. ಅತ್ತೆ, ನಿಮಗೆ ಗೊತ್ತಿತ್ತಾ ಇವರು ಹೋಗಿದ್ದು?"

"ಗೊತ್ತಿತ್ತಮ್ಮ," ಎಂದಳು ಅತ್ತೆ ಮಂಚದಿಂದ. "ಬೇಡ ಅಂದೆ. ಈ ಮನೇಲಿ ನನ್ನ ಮಂಡಿ ಮಾತ್ರ ದೊಡ್ಡದು, ನನ್ನ ಮಾತಲ್ಲ."

ಸೊಸೆ ಒಳಗೆ ಹೋದಳು. ಬಟ್ಟೆ ತುಂಬಿದ ಕೈಚೀಲದೊಂದಿಗೆ ಹೊರಗೆ ಬಂದಳು. ಅದು ಮಧ್ಯಾಹ್ನವೇ ತುಂಬಿ ಇಟ್ಟಿದ್ದ ಚೀಲ ಎಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು, ಗಂಡನೊಬ್ಬನನ್ನು ಬಿಟ್ಟು.

"ಎಲ್ಲಿಗೆ? ತವರಿಗಾ?" ಎಂದ ಅವನು.

"ಕೆಲಸಕ್ಕೆ."

"ಬಿಡಿಸಿ ಆಯ್ತಲ್ಲ."

"ನೀವು ಬಿಡಿಸಿದ ಕೆಲಸ ಅಲ್ಲ. ಬೇರೆ."

ಮಗಳು ಬಾಗಿಲಿಗೆ ಅಡ್ಡ ನಿಂತಳು. "ಅಮ್ಮ, ನಾನು?"

"ಪರೀಕ್ಷೆ ಮುಗಿಸು. ಆಮೇಲೆ ಬೇಕು ಅನ್ಸಿದ್ರೆ ಬಾ. ರೂಮು ಎಲ್ಲಿ ಅಂತ ಫೋನ್ ಮಾಡ್ತೀನಿ." ಹುಡುಗಿಯ ಕೆನ್ನೆ ಮುಟ್ಟಿದಳು. ಹುಡುಗಿ ಪಕ್ಕಕ್ಕೆ ಸರಿದಳು. ಸರಿಯಬಾರದಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು, ಸರಿದದ್ದೇ ಸರಿ ಎಂದೂ ಅಷ್ಟೇ ಸಲ ಅನ್ನಿಸಿತು.

ಮೆಟ್ಟಿಲಿಳಿದ ಸದ್ದು ಕೇಳಿತು, ಬೀದಿಯ ಗೇಟಿನ ಸದ್ದು ಕೇಳಿತು. ಅಮ್ಮ ಹೋಗುವುದನ್ನು ನೋಡಲು ಹುಡುಗಿ ತಾರಸಿಗೆ ಹತ್ತಿದಳು. ಗಂಡ ಎರಡು ಹೆಜ್ಜೆ ಹೋಗಿ ನಿಂತ.

"ಹೋಗ್ಲಿ ಬಿಡೋ," ಎಂದ ಪೈಲಟ್. "ಮೂಲೆ ತನಕ ಹೋಗಿ ಸಿಟ್ಟು ಇಳಿಸ್ಕೊಂಡು ಬರ್ತಾಳೆ. ಹಿಂದೆ ಹೋದ್ರೆ ತಲೆ ಮೇಲೆ ಹತ್ತಿ ಕೂರ್ತಾಳೆ."

"ಕಾಳು ಬೇಯೋಕೆ ಇಟ್ಟಿದಾಳೆ," ಎಂದ ಮಗ. "ಬರದೇ ಏನು ಮಾಡ್ತಾಳೆ."

ಇಬ್ಬರೂ ಮೇಜಿನ ಮುಂದೆ ಕೂತರು. ಹೊರಗೆ ಹೆಜ್ಜೆ ಸದ್ದಾದಾಗ ಇಬ್ಬರೂ ಬಾಗಿಲ ಕಡೆ ನೋಡದ ಹಾಗೆ ನೋಡಿದರು. ಪಕ್ಕದ ಮನೆಯವರು. ಇನ್ನೊಮ್ಮೆ ಸದ್ದಾಯಿತು, ಯಾರೋ ದಾರಿಹೋಕರು. ಪೈಲಟ್ ಕೆಮ್ಮಿದ. ಮಗ ಫೋನು ತಿರುಗಿಸಿ ಮಗುಚಿ ಇಟ್ಟ. ಒಳಗೆ ಕುದಿಯುವ ಸದ್ದು ನಿಂತು ಚುರುಚುರು ಎನ್ನತೊಡಗಿತು. ಆಮೇಲೆ ಅದೂ ನಿಂತು, ಸೀದ ವಾಸನೆ ನಿಧಾನವಾಗಿ ಮುಂದಿನ ಕೋಣೆಗೆ ಬಂತು.

"ಒಲೆ ನೋಡೋ," ಎಂದ ಪೈಲಟ್.

"ನೀವೇ ನೋಡಿ ಅಪ್ಪ, ಹತ್ತಿರ ಇದೀರಲ್ಲ."

"ಬರ್ತಾಳೆ ಈಗ."

ಹೊಗೆ ಬಾಗಿಲ ಮೇಲಿನಿಂದ ಹೊರಳಿತು. ಮಂಚದ ಮೇಲಿಂದ ಅತ್ತೆ ದಿಂಬು ಪಕ್ಕಕ್ಕೆ ತಳ್ಳಿ, ಗೋಡೆ ಹಿಡಿದು ಏಳಲು ನೋಡಿದಳು, ಆಗಲಿಲ್ಲ, ಮತ್ತೆ ಕೂತಳು.

"ಯಾರಾದ್ರೂ ಏಳ್ರೋ," ಎಂದಳು. "ಅವಳು ಬರಲ್ಲ."